‘ಜಿಹಾದ್’ ಅಂದರೆ ‘ಧರ್ಮಯುದ್ಧ’ ಅಂತ ಬರೆದರೆ ಸರಿಯೇ? ಪದಕೋಶಕ್ಕೆ ನೆರವು ಬೇಕು

ಪದಕೋಶದ_ಪುಟ

ಧರ್ಮಗಳ ಪಾರಿಭಾಷಿಕ ಪದಗಳಿಗೆ ಒಂದು ಕನ್ನಡ ಕಿರುಕೋಶ ಸಿದ್ಧವಾಗುತ್ತಿದೆ. ‘ಜಿಹಾದ್’ ಎದುರು ಸದ್ಯ ಇರುವ ಸಾಲು ಇದು: ‘ಇಸ್ಲಾಮಿನ ಧರ್ಮಯುದ್ಧ, ಅನ್ಯಮತೀಯರ ಮೇಲೆ ಸಾರುವ ಯುದ್ಧ.’ ಕರಡು ನೋಡಿದವರೊಬ್ಬರು ಅದನ್ನು ಹೊಡೆದುಹಾಕಿ ‘ಮನಸ್ಸಿನ ಕೆಟ್ಟ ಆಸೆಗಳ ವಿರುದ್ಧದ ಹೋರಾಟ, ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಬರೆದಿದ್ದಾರೆ. ಎರಡೂ ಸರಿಯಾಗಿರಲು ಸಾಧ್ಯವಿಲ್ಲ, ಎರಡೂ ತಪ್ಪಿರಬಹುದು. ಮೂಲ ಬಲ್ಲವರು ಕುರ್‌ಆನಿನ ಸೂಕ್ತದ (ವಚನದ) ಸಂಖ್ಯೆ, ಗ್ರಂಥದ ಹೆಸರು ಕೊಟ್ಟು ತಿದ್ದಬೇಕು. ‘ಒಳ್ಳೆಯದು’, ‘ಕೆಟ್ಟದು’ ಎಂಬ ತೀರ್ಪಿಗಿಂತ ಪದ ಎಲ್ಲೆಲ್ಲಿ ಹೇಗೆ ಬಳಕೆಯಾಗಿದೆ ಎಂಬುದು ಬೇಕು.

ಅರಬಿ_ಧಾತು

ವ್ಯಾಕರಣದಿಂದ ಶುರು ಮಾಡೋಣ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಧಾತು ಜ-ಹ-ದ. ‘ಜಹ್ದ್’, ‘ಜುಹ್ದ್’ ಅಂದರೆ ಶ್ರಮ, ಕೈಲಾದಷ್ಟು ಪ್ರಯತ್ನ. ಅರಬಿಯಲ್ಲಿ ಒಂದೇ ಧಾತುವನ್ನು ಬೇರೆ ಬೇರೆ ಅಚ್ಚಿಗೆ ಹಾಕಿ ಅರ್ಥ ಹೊರಳಿಸುತ್ತಾರೆ. ಮೂರನೇ ಅಚ್ಚಿಗೆ ಬಿದ್ದ ಕ್ರಿಯಾಪದದಲ್ಲಿ ಎದುರಿಗೊಬ್ಬರು ಇರುತ್ತಾರೆ. ‘ಕತಬ’ ಅಂದರೆ ಬರೆದ. ಮೂರನೇ ಅಚ್ಚಿನ ‘ಕಾತಬ’ ಅಂದರೆ ಇನ್ನೊಬ್ಬರೊಡನೆ ಪತ್ರವ್ಯವಹಾರ ಮಾಡಿದ. ಅದೇ ರೀತಿ ‘ಜಾಹದ’ ಅಂದರೆ ಎದುರಿನ ಒತ್ತಡದ ಮುಂದೆ ಪಟ್ಟು ಬಿಡದೆ ಶ್ರಮಿಸಿದ. ಅದರ ಭಾವನಾಮವೇ ಜಿಹಾದ್. ಆ ಎದುರಾಳಿ ಶತ್ರು ಇರಬಹುದು, ಸ್ವಂತ ಮನಸ್ಸಿರಬಹುದು, ವಾದ ಹೂಡುವವನಿರಬಹುದು. ಅದನ್ನು ಪದ ಹೇಳುವುದಿಲ್ಲ, ವಾಕ್ಯ ಹೇಳಬೇಕು. ಇದೇ ಧಾತುವಿನ ಎಂಟನೇ ಅಚ್ಚು ‘ಇಜ್ತಿಹಾದ್’: ಶಾಸ್ತ್ರದ ಆಧಾರ ಹುಡುಕಿ ವಿಧಿಯನ್ನು ಕಂಡುಕೊಳ್ಳುವ ಪಂಡಿತನ ಶ್ರಮ.

ಯುದ್ಧಕ್ಕೆ ಅರಬಿಯಲ್ಲಿ ಬೇರೆ ಪದಗಳಿವೆ. ‘ಹರ್ಬ್’ ಯುದ್ಧ, ‘ಕಿತಾಲ್’ ಕಾದಾಟ, ‘ಗಝ್ವ’ ದಂಡಯಾತ್ರೆ. ‘ಪವಿತ್ರ ಯುದ್ಧ’ಕ್ಕೆ ಅರಬಿ ಮಾಡಿದರೆ ‘ಹರ್ಬ್ ಮುಕದ್ದಸ’ ಆಗುತ್ತದೆ; ಆ ಜೋಡಿಪದ ಕುರ್‌ಆನಿನಲ್ಲಿ ಒಮ್ಮೆಯೂ ಬಂದಿಲ್ಲ. ‘ಸೈಫ್’, ಅಂದರೆ ಕತ್ತಿ, ಎಂಬ ಪದವೂ ಬಂದಿಲ್ಲ.

ಕುರ್‌ಆನಿನಲ್ಲಿ ಈ ಧಾತು ಒಟ್ಟು 41 ಸಲ ಬರುತ್ತದೆ. ಅದರಲ್ಲಿ 27 ಸಲ ಕ್ರಿಯಾಪದವಾಗಿ. ‘ಜಿಹಾದ್’ ಎಂಬ ನಾಮಪದವಾಗಿ ಬರೇ 4 ಸಲ (9:24, 22:78, 25:52, 60:1; ಮೊದಲ ಅಂಕಿ ಅಧ್ಯಾಯ, ಎರಡನೆಯದು ಸೂಕ್ತ). 25:52 ಗಮನಿಸಿ: ‘ಇದರ ಮೂಲಕ ಅವರೊಡನೆ ದೊಡ್ಡ ಜಿಹಾದ್ ನಡೆಸು.’ ‘ಇದು’ ಅಂದರೆ ಕುರ್‌ಆನ್. ಆ ಅಧ್ಯಾಯ ಮಕ್ಕಾ ಕಾಲದ್ದು, ಮುಸ್ಲಿಮರಿಗೆ ಆಯುಧ ಎತ್ತಲು ಅನುಮತಿಯೇ ಇಲ್ಲದ ಕಾಲ. ಅಂದರೆ ‘ದೊಡ್ಡ ಜಿಹಾದ್’ ಎಂದು ಕುರ್‌ಆನ್ ಕರೆದದ್ದು ಮಾತಿನ ಹೋರಾಟವನ್ನು.

ಇನ್ನೊಂದು ಸೂಕ್ತ ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾರೂ ಉಲ್ಲೇಖಿಸುವುದಿಲ್ಲ. 31:15ರಲ್ಲಿ, ಮಗ ಬಹುದೇವಾರಾಧನೆಗೆ ಮರಳಲಿ ಎಂದು ಒತ್ತಾಯಿಸುವ ತಂದೆತಾಯಿಯ ಬಗ್ಗೆ ‘ಜಾಹದಾಕ’ ಎಂದಿದೆ: ಅವರಿಬ್ಬರೂ ನಿನ್ನ ಮೇಲೆ ಜಿಹಾದ್ ಮಾಡಿದರೆ, ಅಂದರೆ ಬೆನ್ನು ಬಿದ್ದು ಒತ್ತಾಯಿಸಿದರೆ, ಆ ಮಾತು ಕೇಳಬೇಡ, ಆದರೆ ಲೋಕದ ಬಾಳಿನಲ್ಲಿ ಅವರೊಡನೆ ಚೆನ್ನಾಗಿ ನಡೆದುಕೋ. ಇಲ್ಲಿ ಜಿಹಾದ್ ಮಾಡುತ್ತಿರುವವರು ಮುಸ್ಲಿಮರೇ ಅಲ್ಲ! ‘ಇಸ್ಲಾಮಿನ ಧರ್ಮಯುದ್ಧ’ ಎಂಬ ಅರ್ಥ ಹಿಡಿದರೆ ಈ ಸೂಕ್ತವನ್ನು ಕನ್ನಡಕ್ಕೆ ತರುವುದೇ ಆಗುವುದಿಲ್ಲ.

ಹದೀಸ್_ಸನದು

ಎರಡನೇ ವಿವರಣೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಒಂದು ಪ್ರಸಿದ್ಧ ಮಾತು: ಪ್ರವಾದಿ ಮುಹಮ್ಮದ್ (ಸ, ಅಂದರೆ ಅವರ ಮೇಲೆ ಶಾಂತಿ ಇರಲಿ) ಯುದ್ಧದಿಂದ ಮರಳುತ್ತ ‘ಚಿಕ್ಕ ಜಿಹಾದಿನಿಂದ ದೊಡ್ಡ ಜಿಹಾದಿಗೆ ಬಂದೆವು’ ಅಂದರು, ದೊಡ್ಡದು ಯಾವುದು ಎಂದಾಗ ‘ಮನಸ್ಸಿನೊಡನೆ ನಡೆಸುವುದು’ ಅಂದರು ಎಂಬುದು. ಜಿಹಾದ್ ಬಗ್ಗೆ ಯಾರೇ ಭಾಷಣ ಮಾಡಲಿ, ಇದು ಬಂದೇ ಬರುತ್ತದೆ. ಆದರೆ ಇದರ ಸನದು, ಅಂದರೆ ಹೇಳಿದವರ ಸರಪಳಿ, ದುರ್ಬಲ. ಮಧ್ಯಕಾಲದ ಪಂಡಿತ ಬೈಹಕಿ ಅವರ ‘ಝುಹ್ದ್’ ಗ್ರಂಥದಲ್ಲಿ ಬಂದಿದೆ, ಗಝಾಲಿ ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಬಳಸಿದರು, ಅಲ್ಲಿಂದ ಜನರ ಬಾಯಿಗೆ ಬಂತು. ಪಂಡಿತ ಇಬ್ನ್ ಹಜರ್ ಇದನ್ನು ಇಬ್ರಾಹೀಮ್ ಬಿನ್ ಅಬೀ ಅಬ್‌ಲ ಎಂಬ ನಂತರದ ಪೀಳಿಗೆಯವರ ಮಾತು ಅಂದರು. ಇಬ್ನ್ ತೈಮಿಯ್ಯ ‘ಬುಡವಿಲ್ಲದ್ದು’ ಅಂದರು. ದಯವಿಟ್ಟು ಪದಕೋಶದಲ್ಲಿ ಇದನ್ನು ಪ್ರವಾದಿಯ ಮಾತು ಎಂದು ಹಾಕಬೇಡಿ. ಯಾರಾದರೂ ಒಂದೇ ಏಟಿಗೆ ಬೀಳಿಸುತ್ತಾರೆ, ಅದರೊಂದಿಗೆ ಉಳಿದ ಸರಿಯಾದ ಮಾತೂ ಬೀಳುತ್ತದೆ.

ಬೇಕಾಗಿಯೂ ಇಲ್ಲ. ಅದಕ್ಕಿಂತ ಗಟ್ಟಿಯಾದ ಹದೀಸುಗಳು, ಅಂದರೆ ಪ್ರವಾದಿಯ ನಡೆನುಡಿಯ ವರದಿಗಳು ಇವೆ (ತಿರ್ಮಿದಿ, ಅಬೂದಾವೂದ್, ಬುಖಾರಿ, ಮುಸ್ಲಿಮ್ ಇವು ಹದೀಸ್ ಸಂಗ್ರಹಗಳು):

ತಿರ್ಮಿದಿಯಲ್ಲಿ: ‘ತನ್ನ ಮನಸ್ಸಿನೊಡನೆ ಹೋರಾಡುವವನೇ ಮುಜಾಹಿದ್ (ಜಿಹಾದ್ ಮಾಡುವವನು).’

ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ: ದಬ್ಬಾಳಿಕೆಯ ಅರಸನ ಎದುರು ನ್ಯಾಯದ ಮಾತು ಆಡುವುದು ಅತ್ಯುತ್ತಮ ಜಿಹಾದ್.

ಬುಖಾರಿ, ಮುಸ್ಲಿಮ್ ಎರಡರಲ್ಲೂ: ಯುದ್ಧಕ್ಕೆ ಬರುತ್ತೇನೆ ಎಂದು ಬಂದವನನ್ನು ‘ತಂದೆತಾಯಿ ಬದುಕಿದ್ದಾರಾ?’ ಎಂದು ಕೇಳಿ, ‘ಹೌದು’ ಎಂದಾಗ ‘ಹಾಗಾದರೆ ಅವರ ಸೇವೆಯಲ್ಲಿ ಜಿಹಾದ್ ಮಾಡು’ ಎಂದು ಮರಳಿ ಕಳಿಸಿದ್ದು.

ಬುಖಾರಿಯಲ್ಲಿ: ಪತ್ನಿ ಆಯಿಶಾ ಅವರಿಗೆ ‘ನಿಮಗೆ ಉತ್ತಮ ಜಿಹಾದ್ ಅಂದರೆ ಸ್ವೀಕೃತವಾದ ಹಜ್’ ಅಂದದ್ದು.

ಕಿತಾಬು_ಕರಾವಳಿ

ಹದೀಸ್ ಸರ್ ಹೇಳಿದ್ದು ಸರಿ. ಇನ್ನೊಂದು ಪಕ್ಕವನ್ನೂ ಅಷ್ಟೇ ನೇರವಾಗಿ ಹೇಳಬೇಕು. ‘ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂಬುದು ಸುಳ್ಳು. ಫಿಕ್ಹ್, ಅಂದರೆ ಇಸ್ಲಾಮೀ ಕಾನೂನುಶಾಸ್ತ್ರದ ಕಿತಾಬು ತೆರೆದರೆ ‘ಜಿಹಾದಿನ ಅಧ್ಯಾಯ’ ಎಂಬಲ್ಲಿ ಇರುವುದು ಯುದ್ಧದ ಕಾನೂನು: ಯಾರು ಹೋಗಬೇಕು, ಯಾರನ್ನು ಕೊಲ್ಲಬಾರದು, ಸೆರೆಯಾಳನ್ನು ಏನು ಮಾಡಬೇಕು, ಒಪ್ಪಂದ ಹೇಗೆ ಮುಗಿಯುತ್ತದೆ. ನಾಲ್ಕೂ ಮದ್‌ಹಬ್‌ಗಳಲ್ಲಿ, ಅಂದರೆ ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಎಂಬ ಕಾನೂನು ಪಂಥಗಳಲ್ಲಿ, ಹೀಗೆಯೇ. ಗಡಿಯಾಚೆ ಸೇನೆ ಕಳಿಸುವುದನ್ನೂ ಹಳೆಯ ಪಂಡಿತರು ಅದರಲ್ಲಿ ಸೇರಿಸಿದ್ದರು. ಶಾಫಿಈ ಕಿತಾಬುಗಳಲ್ಲಿ ವರ್ಷಕ್ಕೊಮ್ಮೆ ಎಂಬ ಲೆಕ್ಕವೂ ಇದೆ. ಸಾಮ್ರಾಜ್ಯಗಳು ಒಪ್ಪಂದವಿಲ್ಲದೆ ಇದ್ದರೆ ಯುದ್ಧದಲ್ಲೇ ಇದ್ದಂತೆ ಎಂಬ ಕಾಲದ ಕಾನೂನು ಅದು. ‘ದಾರುಲ್ ಇಸ್ಲಾಂ’ (ಇಸ್ಲಾಮಿನ ನಾಡು), ‘ದಾರುಲ್ ಹರ್ಬ್’ (ಯುದ್ಧದ ನಾಡು) ಎಂಬ ವಿಂಗಡಣೆಯೂ ಆ ಪಂಡಿತರದ್ದೇ, ಕುರ್‌ಆನಿನದ್ದಲ್ಲ. ಶಾಫಿಈಗಳು ಮೂರನೆಯದಾಗಿ ಒಪ್ಪಂದದ ನಾಡು ಎಂಬುದನ್ನೂ ಸೇರಿಸಿದರು.

ಆದರೆ ಅದೇ ಅಧ್ಯಾಯವನ್ನು ಪೂರ್ತಿ ಓದಬೇಕು. ಇದು ‘ಫರ್ಝ್ ಕಿಫಾಯ’, ಸಮುದಾಯದ ಮೇಲಿನ ಹೊಣೆ. ಕೆಲವರು ಮಾಡಿದರೆ ಉಳಿದವರ ಮೇಲಿಂದ ಇಳಿಯುತ್ತದೆ. ನಮಾಝ್, ಉಪವಾಸದಂತೆ ತಲೆಗೊಂದು ಕಡ್ಡಾಯವಲ್ಲ, ಐದು ಸ್ತಂಭಗಳಲ್ಲೂ ಸೇರಿಲ್ಲ. ಇಮಾಮ್ ನವವಿಯವರ (ನಿಧನ 1277) ‘ಮಿನ್‌ಹಾಜ್’ ನಮ್ಮ ಕರಾವಳಿಯ ಶಾಫಿಈಗಳಿಗೂ ಆಧಾರಗ್ರಂಥ. ಅದರಲ್ಲಿ ಇದೇ ಅಧ್ಯಾಯದೊಳಗೆ ಫರ್ಝ್ ಕಿಫಾಯಗಳ ಪಟ್ಟಿ ಬರುತ್ತದೆ: ವಿದ್ಯೆ ಕಲಿಯುವುದು, ಬಟ್ಟೆ ಇಲ್ಲದವನಿಗೆ ಬಟ್ಟೆ, ಹಸಿದವನಿಗೆ ಅನ್ನ, ಬದುಕು ನಡೆಯಲು ಬೇಕಾದ ಕಸುಬುಗಳು, ಸಲಾಮಿಗೆ ಉತ್ತರ ಕೊಡುವುದು. ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ‘ಫತ್‌ಹುಲ್ ಮುಈನ್’ ಇದನ್ನೇ ಬಿಡಿಸಿ, ಕಷ್ಟ ನೀಗಿಸಬೇಕಾದವರಲ್ಲಿ ಮುಸ್ಲಿಮನ ಜೊತೆ ರಕ್ಷಣೆಯ ಒಪ್ಪಂದದಲ್ಲಿರುವ ಮುಸ್ಲಿಮೇತರನನ್ನೂ ಎಣಿಸುತ್ತದೆ. ಯುದ್ಧ ಮತ್ತು ಹಸಿದವನ ಅನ್ನ ಒಂದೇ ಅಧ್ಯಾಯದಲ್ಲಿ ಇರುವುದು ಆಕಸ್ಮಿಕವಲ್ಲ, ಎರಡನ್ನೂ ಒಂದೇ ಬಗೆಯ ಹೊಣೆ ಎಂದು ಅವರು ಕಂಡಿದ್ದರು.

ನೇರ_ಪ್ರಶ್ನೆ

ಸುತ್ತುಬಳಸದೆ ಕೇಳುತ್ತೇನೆ, ಬೇಸರ ಬೇಡ. 9:5ರಲ್ಲಿ ‘ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ’ ಎಂದಿದೆ. ‘ಜನರು ಕಲಿಮಾ (ಇಸ್ಲಾಮಿನ ವಿಶ್ವಾಸವಾಕ್ಯ) ಹೇಳುವವರೆಗೆ ಅವರೊಡನೆ ಕಾದಾಡಲು ನನಗೆ ಆಜ್ಞೆಯಾಗಿದೆ’ ಎಂಬ ಹದೀಸ್ ಬುಖಾರಿಯಲ್ಲೇ ಇದೆ, ಸನದು ದುರ್ಬಲ ಎನ್ನಲು ಬರುವುದಿಲ್ಲ. ಶಾಂತಿಯ ಸೂಕ್ತಗಳೆಲ್ಲ 9:5ರಿಂದ ರದ್ದಾದವು ಎಂದು ಬರೆದ ಪಂಡಿತರೂ ಇದ್ದಾರೆ. ಇದಕ್ಕೆ ಉತ್ತರವೇನು?

ಅರಬಿ_ಧಾತು

ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಒಂದೊಂದಾಗಿ ನೋಡೋಣ.

9:5. ಯಾವ ಸೂಕ್ತ ಎದುರಾದರೂ ಹಿಂದಿನ ನಾಲ್ಕು, ಮುಂದಿನ ನಾಲ್ಕು ಓದದೆ ಅರ್ಥ ಹೇಳಬಾರದು. 9:1ರಿಂದ 9:4ರವರೆಗೆ ಮಾತು ಒಪ್ಪಂದ ಮುರಿದ ಅರಬ್ ಬುಡಕಟ್ಟುಗಳದ್ದು. ಅವರಿಗೆ ನಾಲ್ಕು ತಿಂಗಳ ಗಡುವು ಕೊಟ್ಟಿದೆ. 9:4ರಲ್ಲಿ, ಒಪ್ಪಂದವನ್ನು ಪಾಲಿಸಿದ, ನಿಮ್ಮ ವಿರುದ್ಧ ಯಾರಿಗೂ ನೆರವು ಕೊಡದ ಬಹುದೇವಾರಾಧಕರೊಡನೆ ಅವಧಿ ಮುಗಿಯುವವರೆಗೂ ಮಾತು ಉಳಿಸಿಕೊಳ್ಳಿ ಎಂದಿದೆ. 9:6ರಲ್ಲಿ, ಅವರಲ್ಲಿ ಒಬ್ಬ ಆಶ್ರಯ ಕೇಳಿದರೆ ಆಶ್ರಯ ಕೊಟ್ಟು, ದೇವವಾಣಿ ಕೇಳಿಸಿ, ಆಮೇಲೆ ಅವನನ್ನು ಅವನ ಸುರಕ್ಷಿತ ಜಾಗಕ್ಕೆ ತಲುಪಿಸಿ ಎಂದಿದೆ. ಮತಾಂತರವಾದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ. 9:13 ಕಾರಣ ಕೊಡುತ್ತದೆ: ಆಣೆ ಮುರಿದವರು, ಮೊದಲು ಕೈ ಎತ್ತಿದವರು ಅವರು. ಇದು ಹಿಜ್ರಿ 9ನೇ ವರ್ಷದ, ಅಂದರೆ 631ರ ಘೋಷಣೆ. ಎಲ್ಲ ಕಾಲದ ಎಲ್ಲ ಬಹುದೇವಾರಾಧಕರನ್ನು ಕೊಲ್ಲಲು ಹೇಳಿದ್ದರೆ 4 ಮತ್ತು 6ಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅಂದ ಹಾಗೆ 9:5ರಲ್ಲಿ ‘ಜಿಹಾದ್’ ಪದ ಇಲ್ಲ.

ಕಾದಾಟಕ್ಕೆ ಮೊದಲ ಅನುಮತಿ ಸಿಕ್ಕಿದ್ದು 22:39ರಲ್ಲಿ, ‘ಯಾರ ಮೇಲೆ ಯುದ್ಧ ಹೇರಲಾಗಿದೆಯೋ ಅವರಿಗೆ’. ಮುಂದಿನ ಸೂಕ್ತ ಕಾರಣ ಹೇಳುವಾಗ ಸನ್ಯಾಸಿಮಠ, ಚರ್ಚು, ಯಹೂದಿ ಪ್ರಾರ್ಥನಾಮಂದಿರಗಳನ್ನು ಮೊದಲು ಹೇಳಿ ಮಸೀದಿಯನ್ನು ಕೊನೆಗೆ ಹೇಳುತ್ತದೆ: ತಡೆಯುವವರು ಇಲ್ಲದಿದ್ದರೆ ಇವೆಲ್ಲ ನೆಲಸಮ ಆಗುತ್ತಿದ್ದವು. 2:190 ‘ನಿಮ್ಮೊಡನೆ ಕಾದಾಡುವವರೊಡನೆ ಕಾದಾಡಿ, ಮಿತಿ ಮೀರಬೇಡಿ’ ಎನ್ನುತ್ತದೆ. 60:8 ಧರ್ಮದ ವಿಷಯದಲ್ಲಿ ನಿಮ್ಮೊಡನೆ ಕಾದದವರಿಗೆ ಒಳಿತು ಮಾಡುವುದನ್ನು, ನ್ಯಾಯ ತೋರುವುದನ್ನು ಅಲ್ಲಾಹನು ತಡೆದಿಲ್ಲ ಎನ್ನುತ್ತದೆ.

ಹದೀಸ್. ಅಲ್ಲಿರುವ ಕ್ರಿಯಾಪದ ‘ಉಕಾತಿಲ’, ಮತ್ತೆ ಅದೇ ಮೂರನೇ ಅಚ್ಚು, ಎದುರಿಗೆ ಕಾದಾಡುವವನಿದ್ದಾನೆ. ‘ಕೊಲ್ಲು’ ಎನ್ನಲು ‘ಅಕ್‌ತುಲ’ ಬೇಕಿತ್ತು. ಈ ವ್ಯತ್ಯಾಸವನ್ನು ಮಧ್ಯಕಾಲದ ಇಬ್ನ್ ದಕೀಕುಲ್ ಈದ್ ಎತ್ತಿ ತೋರಿಸಿದ್ದಾರೆ. ಈಗಿನವರು ಕಟ್ಟಿದ ಸಮಜಾಯಿಷಿ ಅಲ್ಲ. ‘ಜನರು’ ಅಂದರೆ ಇಲ್ಲಿ ಆಗ ಯುದ್ಧದಲ್ಲಿದ್ದ ಅರಬ್ ಬಹುದೇವಾರಾಧಕರು ಎಂದು ಬಹಳ ವ್ಯಾಖ್ಯಾನಕಾರರು ಹೇಳಿದ್ದಾರೆ. ನಸಾಈ ಹದೀಸ್ ಸಂಗ್ರಹದ ಒಂದು ಪಾಠದಲ್ಲಿ ‘ಜನರು’ ಬದಲು ‘ಮುಶ್ರಿಕರು’, ಅಂದರೆ ಬಹುದೇವಾರಾಧಕರು, ಎಂದೇ ಇದೆ. ಇಡೀ ಮನುಕುಲವೇ ಆಗಿದ್ದರೆ ಯಹೂದಿ, ಕ್ರೈಸ್ತರಿಂದ ಜಿಝ್ಯ ತೆರಿಗೆ ಪಡೆದು ಅವರವರ ಧರ್ಮಕ್ಕೆ ಬಿಡುವ 9:29ಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ರದ್ದತಿ, ಅಂದರೆ ‘ನಸ್ಖ್’. ಹೌದು, 9:5 ಒಂದೇ ನೂರಕ್ಕೂ ಹೆಚ್ಚು ಸೂಕ್ತಗಳನ್ನು ರದ್ದು ಮಾಡಿತು ಎಂದವರು ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಶಾಸ್ತ್ರ ಅಲ್ಲೇ ನಿಲ್ಲಲಿಲ್ಲ. ಸುಯೂತಿ (ನಿಧನ 1505) ರದ್ದತಿಯ ವಾದಗಳನ್ನೆಲ್ಲ ಪರಿಶೀಲಿಸಿ ನಿಜವಾಗಿ ರದ್ದಾದವು ಸುಮಾರು 20 ಎಂದರು. ದೆಹಲಿಯ ಶಾಹ್ ವಲಿಯುಲ್ಲಾಹ್ (ನಿಧನ 1762) ಅದನ್ನೂ ಜರಡಿ ಹಿಡಿದು 5ಕ್ಕೆ ಇಳಿಸಿದರು, ಆ ಐದರಲ್ಲಿ ‘ಧರ್ಮದಲ್ಲಿ ಬಲಾತ್ಕಾರವಿಲ್ಲ’ (2:256) ಇಲ್ಲ. ‘ಶಾಂತಿಯ ಸೂಕ್ತಗಳೆಲ್ಲ ರದ್ದು’ ಎಂದು ಬರೆಯುವವರು ಒಂದು ಪಕ್ಷದ ಅಭಿಪ್ರಾಯವನ್ನು ಇಡೀ ಪರಂಪರೆಯ ಹೆಸರಿನಲ್ಲಿ ಹೇಳುತ್ತಾರೆ. ಉಗ್ರರೂ ಹಾಗೇ ಮಾಡುತ್ತಾರೆ, ಇಸ್ಲಾಮಿನ ಕಡು ವಿರೋಧಿಗಳೂ ಹಾಗೇ ಮಾಡುತ್ತಾರೆ.

ಕಿತಾಬು_ಕರಾವಳಿ

ಇದಕ್ಕೆ ಒಂದು ಸೇರಿಸುತ್ತೇನೆ. ಯುದ್ಧಕ್ಕೆ ಕಾರಣ ಎದುರಿನವನ ಅವಿಶ್ವಾಸವೋ ಅವನ ಆಕ್ರಮಣವೋ ಎಂಬುದೇ ಮದ್‌ಹಬ್‌ಗಳ ನಡುವಿನ ಮೂಲ ಚರ್ಚೆ. ಹನಫಿ, ಮಾಲಿಕಿ, ಹಂಬಲಿಗಳಲ್ಲಿ ಬಹುಪಾಲು ಆಕ್ರಮಣವೇ ಕಾರಣ ಎಂದರು. ಶಾಫಿಈಯವರ ಪ್ರಸಿದ್ಧ ಅಭಿಪ್ರಾಯ ಅವಿಶ್ವಾಸ ಎಂಬುದು. ಕೊರ್ಡೊಬಾದ ಇಬ್ನ್ ರುಶ್ದ್ (ನಿಧನ 1198) ತಮ್ಮ ಕಾನೂನು ಗ್ರಂಥದಲ್ಲಿ ಇದನ್ನು ಬಿಡಿಸಿ ತೋರಿಸುತ್ತಾರೆ: ಮಠದ ಸನ್ಯಾಸಿ, ಕುರುಡ, ಹಾಸಿಗೆ ಹಿಡಿದ ಮುದುಕ, ಹೊಲದ ರೈತ ಇವರನ್ನು ಕೊಲ್ಲಬಹುದೇ ಎಂಬ ಭಿನ್ನಮತ ಹುಟ್ಟಿದ್ದೇ ಈ ಕಾರಣದ ಭಿನ್ನಮತದಿಂದ. ಹೆಂಗಸರು, ಮಕ್ಕಳ ವಿಷಯದಲ್ಲಿ ಮಾತ್ರ, ಅವರು ಕಾದಾಡದಿದ್ದರೆ ಕೊಲ್ಲಬಾರದು ಎಂಬುದರಲ್ಲಿ ಭಿನ್ನಮತವೇ ಇಲ್ಲ. ಬುಖಾರಿ, ಮುಸ್ಲಿಮ್ ಎರಡರಲ್ಲೂ ನಿಷೇಧ ಇದೆ.

ಮೊದಲ ಖಲೀಫ ಅಬೂಬಕರ್ ತಮ್ಮ ಸೇನಾಪತಿ ಯಝೀದ್ ಬಿನ್ ಅಬೀ ಸುಫ್ಯಾನರಿಗೆ ಕೊಟ್ಟ ಹತ್ತು ಸೂಚನೆ ಇಮಾಮ್ ಮಾಲಿಕರ ‘ಮುವತ್ತ’ದಲ್ಲಿದೆ: ಹೆಂಗಸು, ಮಗು, ಮುದುಕರನ್ನು ಕೊಲ್ಲಬೇಡ. ಹಣ್ಣಿನ ಮರ ಕಡಿಯಬೇಡ. ಜನವಸತಿ ಹಾಳು ಮಾಡಬೇಡ. ಊಟಕ್ಕಲ್ಲದೆ ಕುರಿ, ಒಂಟೆ ಕಡಿಯಬೇಡ. ಜೇನ್ನೊಣಗಳನ್ನು ಸುಡಬೇಡ, ಚದುರಿಸಬೇಡ. ಯುದ್ಧದ ಸೊತ್ತು ಕದಿಯಬೇಡ, ಹೇಡಿಯಾಗಬೇಡ. ದೇವರಿಗೆ ಮೀಸಲಾಗಿ ಕುಳಿತವರನ್ನು ಅವರ ಪಾಡಿಗೆ ಬಿಡು ಎಂಬ ಮಾತು ಇದಕ್ಕೂ ಮೊದಲೇ ಬರುತ್ತದೆ.

ಈಗಿನ ಭಯೋತ್ಪಾದಕ ಗುಂಪುಗಳು ಈ ಕಾನೂನನ್ನು ಎಲ್ಲಿ ಮುರಿಯುತ್ತವೆ ಎಂದು ಕೇಳಿದರೆ, ಅದರ ಒಂದೊಂದು ಕೀಲಿನಲ್ಲೂ. ಯುದ್ಧ ಸಾರುವ ಅಧಿಕಾರ ಆಳುವವನದು, ಗುಂಪಿನದಲ್ಲ. ನಾಡು ಆಕ್ರಮಣಕ್ಕೆ ಒಳಗಾದಾಗ ತಡೆಯುವುದು ಪ್ರತಿಯೊಬ್ಬನ ಹೊಣೆಯಾಗುತ್ತದೆ ನಿಜ. ಆದರೆ ಅದು ಅಲ್ಲಿನವರಿಗೆ, ಆ ಆಕ್ರಮಣಕಾರನ ಎದುರು. ಇನ್ನೊಂದು ದೇಶದ ರೈಲು ನಿಲ್ದಾಣಕ್ಕೆ ಆ ವಿಧಿ ಹೊಂದುವುದಿಲ್ಲ. ತಂದೆತಾಯಿಯ ಒಪ್ಪಿಗೆ ಬೇಕು; ಸಾಲಗಾರನಿಗೆ ಸಾಲ ಕೊಟ್ಟವನ ಒಪ್ಪಿಗೆಯೂ ಬೇಕು. ಒಪ್ಪಂದ ಇದ್ದರೆ ಮುರಿಯುವಂತಿಲ್ಲ. ‘ಅಮಾನ್’, ಅಂದರೆ ಅಭಯ, ಒಬ್ಬ ಸಾಮಾನ್ಯ ಹೆಂಗಸು ಕೊಟ್ಟರೂ ಇಡೀ ಸೇನೆಯನ್ನು ಕಟ್ಟುತ್ತದೆ. ಮಕ್ಕಾದಲ್ಲಿ ಉಮ್ಮು ಹಾನಿ ಎಂಬ ಹೆಂಗಸು ಕೊಟ್ಟ ಅಭಯವನ್ನು ಪ್ರವಾದಿ (ಸ) ಎತ್ತಿಹಿಡಿದರು. ಇಂದು ಒಂದು ದೇಶ ವೀಸಾ ಕೊಡುವುದು, ಅದನ್ನು ಪಡೆದು ಒಳಗೆ ಬರುವುದು ಈ ಅಮಾನಿನ ಒಪ್ಪಂದವೇ ಎಂದು ಈಗಿನ ಬಹುತೇಕ ಮುಫ್ತಿಗಳ ಅಭಿಪ್ರಾಯ. ವೀಸಾ ಹಿಡಿದು ಹೋಗಿ ಬಾಂಬ್ ಇಟ್ಟವನು ಕೊಲೆಯ ಜೊತೆ ವಿಶ್ವಾಸಘಾತವನ್ನೂ ಮಾಡಿದ. ಊರವರಲ್ಲಿ ಭೀತಿ ಹುಟ್ಟಿಸಿ ಕೊಲ್ಲುವುದಕ್ಕೆ ಫಿಕ್ಹ್‌ನಲ್ಲಿ ಬೇರೆಯೇ ಹೆಸರಿದೆ, ‘ಹಿರಾಬ’. 5:33ರಲ್ಲಿ ಅದಕ್ಕೆ ಅತಿ ಕಠಿಣ ಶಿಕ್ಷೆ. ಅಂದರೆ ಈ ಕೃತ್ಯಗಳಿಗೆ ಸರಿಯಾದ ಶಾಸ್ತ್ರೀಯ ಪದ ಹುಡುಕುವವರಿಗೆ ಪದ ಸಿದ್ಧವಾಗಿಯೇ ಇದೆ, ಅದು ಜಿಹಾದ್ ಅಲ್ಲ.

ಶಿಯಾಗಳಲ್ಲಿ ಇನ್ನೂ ಬಿಗಿ: ಹನ್ನೆರಡು ಇಮಾಮರ ಪಂಥದ ಬಹುಮತದ ಪ್ರಕಾರ ಮರೆಯಾದ ಇಮಾಮರು ಬರುವವರೆಗೆ ರಕ್ಷಣೆಯ ಯುದ್ಧ ಮಾತ್ರ ಸಲ್ಲುತ್ತದೆ.

ಹದೀಸ್_ಸನದು

ಒಂದು ಮುದ್ರಣದೋಷ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ. ಪದಕೋಶ ಮಾಡುವವರಿಗೆ ಇದು ಬೇಕು.

ಇಬ್ನ್ ತೈಮಿಯ್ಯ (ನಿಧನ 1328) ಅವರನ್ನು ಮಂಗೋಲರ ಹಿಡಿತದಲ್ಲಿದ್ದ ಮಾರ್ದೀನ್ ಊರಿನ ಬಗ್ಗೆ ಕೇಳಲಾಯಿತು. ಮಾರ್ದೀನ್ ಈಗ ತುರ್ಕಿಯಲ್ಲಿದೆ. ಅದು ದಾರುಲ್ ಇಸ್ಲಾಮೂ ಅಲ್ಲ, ದಾರುಲ್ ಹರ್ಬೂ ಅಲ್ಲ, ಎರಡೂ ಬೆರೆತ ಮೂರನೇ ಬಗೆ ಎಂದರು. ಅಲ್ಲಿನ ಮುಸ್ಲಿಮನೊಡನೆ ಅವನ ಯೋಗ್ಯತೆಗೆ ತಕ್ಕಂತೆ, ಶರೀಅತ್ತಿನಿಂದ ಹೊರನಡೆದವನೊಡನೆ ಅವನ ಯೋಗ್ಯತೆಗೆ ತಕ್ಕಂತೆ ‘ಯುಆಮಲು’, ಅಂದರೆ ‘ವ್ಯವಹರಿಸಬೇಕು’. 20ನೇ ಶತಮಾನದ ಮೊದಲಲ್ಲಿ ಬಂದ ಮುದ್ರಣದಲ್ಲಿ ಎರಡನೇ ಕಡೆ ಅದು ‘ಯುಕಾತಲು’ ಎಂದಾಯಿತು, ಅಂದರೆ ‘ಅವನೊಡನೆ ಕಾದಾಡಬೇಕು’. ಅರಬಿ ಲಿಪಿಯಲ್ಲಿ ಎರಡೂ ಪದ ನೋಡಲು ಅಷ್ಟೊಂದು ಹತ್ತಿರ. ಆ ಪಾಠವನ್ನೇ ಹಿಡಿದು ಈಜಿಪ್ಟಿನ ಅಬ್ದುಸ್ಸಲಾಮ್ ಫರಜ್ ಮುಸ್ಲಿಮ್ ಆಳರಸರ ವಿರುದ್ಧವೇ ಆಯುಧ ಎತ್ತಬೇಕು ಎಂದು ಕಿರುಹೊತ್ತಗೆ ಬರೆದ. 1981ರಲ್ಲಿ ಅಧ್ಯಕ್ಷ ಸಾದಾತ್ ಹತ್ಯೆ ಮಾಡಿದ ಗುಂಪಿನ ಚಿಂತಕ ಅವನೇ. ನಮಾಝ್, ಉಪವಾಸದಂತೆ ಜಿಹಾದನ್ನೂ ತಲೆಗೊಂದು ಕಡ್ಡಾಯ ಮಾಡಲು ಹೊರಟದ್ದು ಈ ಸಾಲಿನ ಬರಹಗಳು.

ಶಿಷ್ಯ ಇಬ್ನ್ ಮುಫ್ಲಿಹ್ ತಮ್ಮ ಗ್ರಂಥದಲ್ಲಿ ಇದೇ ಫತ್ವಾ ಉಲ್ಲೇಖಿಸಿದ್ದಾರೆ, ಅಲ್ಲಿ ‘ಯುಆಮಲು’ ಎಂದೇ ಇದೆ. ದಮಾಸ್ಕಸ್ಸಿನ ಹಸ್ತಪ್ರತಿಯಲ್ಲೂ ಹಾಗೇ. 2010ರ ಮಾರ್ಚ್‌ನಲ್ಲಿ ಮಾರ್ದೀನಿನಲ್ಲೇ ಪಂಡಿತರು ಸೇರಿ, ಶೈಖ್ ಅಬ್ದುಲ್ಲಾಹ್ ಬಿನ್ ಬಯ್ಯ ಅವರ ಮುಂದಾಳುತನದಲ್ಲಿ ಇದನ್ನು ಎತ್ತಿ ತೋರಿಸಿದರು.

ವಿಜಯಪುರ_ಚರಿತ್ರೆ

ಚರಿತ್ರೆಯ ಕಡೆಯಿಂದ ಎರಡು ಮಾತು. ‘ಜಿಹಾದ್ ಸಾರಿದ ಕೂಡಲೇ ಲೋಕದ ಮುಸ್ಲಿಮರೆಲ್ಲ ಎದ್ದು ನಿಲ್ಲುತ್ತಾರೆ’ ಎಂಬ ನಂಬಿಕೆಯನ್ನು 1914 ಪರೀಕ್ಷಿಸಿ ನೋಡಿತು. ಆ ನವೆಂಬರ್ 14ರಂದು ಇಸ್ತಾಂಬುಲಿನಲ್ಲಿ, ಖಲೀಫರೂ ಆಗಿದ್ದ ಉಸ್ಮಾನಿ (ಒಟ್ಟೋಮನ್) ಸುಲ್ತಾನರ ಕಡೆಯಿಂದ ಐದು ಫತ್ವಾಗಳೊಡನೆ ಜಿಹಾದ್ ಸಾರಲಾಯಿತು, ಬ್ರಿಟನ್, ಫ್ರಾನ್ಸ್, ರಷ್ಯಾಗಳ ವಿರುದ್ಧ. ಜೊತೆಗಾರರು ಜರ್ಮನಿ ಮತ್ತು ಆಸ್ಟ್ರಿಯಾ, ಎರಡೂ ಕ್ರೈಸ್ತ ಅರಸರ ನಾಡುಗಳು. ಏನಾಯಿತು? ಭಾರತದ ಸಾವಿರಾರು ಮುಸ್ಲಿಮ್ ಸೈನಿಕರು ಬ್ರಿಟಿಷರ ಪರವಾಗಿ ಉಸ್ಮಾನಿಗಳೊಡನೆ ಕಾದಿದರು. 1916ರ ಜೂನ್‌ನಲ್ಲಿ ಮಕ್ಕಾದ ಶರೀಫ್ ಹುಸೈನರೇ ಸುಲ್ತಾನರ ವಿರುದ್ಧ ದಂಗೆ ಎದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಉಸ್ಮಾನಿ ಸೇನೆಯಿಂದ ಕಸಿದುಕೊಂಡವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಖಲೀಫನ ಘೋಷಣೆಯ ಕಥೆಯೇ ಹೀಗಾದರೆ, ಗುಹೆಯಲ್ಲಿ ಕುಳಿತವನ ಘೋಷಣೆಗೆ ಯಾವ ಶಾಸ್ತ್ರಬಲ?

ಎರಡನೆಯದು ವಿಜಯಪುರಕ್ಕೆ ಸಂಬಂಧಪಟ್ಟದ್ದು. ಮೇಲೆ ಹೆಸರು ಬಂದ ಮಖ್ದೂಮರೇ 16ನೇ ಶತಮಾನದಲ್ಲಿ ‘ತುಹ್‌ಫತುಲ್ ಮುಜಾಹಿದೀನ್’ ಬರೆದರು, ಪೋರ್ಚುಗೀಸರು ಮಲಬಾರಿನ ವ್ಯಾಪಾರ, ಹಜ್ ಹಡಗುಗಳ ಮೇಲೆ ನಡೆಸಿದ ಹಾವಳಿಯ ವಿರುದ್ಧ. ಅದನ್ನು ಅರ್ಪಿಸಿದ್ದು ವಿಜಯಪುರದ ಒಂದನೇ ಅಲಿ ಆದಿಲ್ ಶಾಹನಿಗೆ. ಮೊದಲ ಭಾಗ ಜಿಹಾದಿನ ವಿಧಿಗಳು, ಕೊನೆಯ ಭಾಗ ಪೋರ್ಚುಗೀಸರ ಕೃತ್ಯಗಳು. ನಡುವೆ ಕಲ್ಲಿಕೋಟೆಯ ಸಾಮೂದಿರಿಯ ಹೊಗಳಿಕೆ ಇದೆ. ಆ ಹಿಂದೂ ಅರಸ ಮುಸ್ಲಿಮರಿಗಾಗಿ ಬೊಕ್ಕಸ ಖಾಲಿ ಮಾಡಿಕೊಂಡು ಕಾದುತ್ತಿದ್ದಾನೆ, ಮುಸ್ಲಿಮ್ ಸುಲ್ತಾನರು ಕೈಕಟ್ಟಿ ಕುಳಿತಿದ್ದಾರೆ ಎಂಬ ನೋವೂ ಇದೆ. ಇಲ್ಲಿ ಜಿಹಾದಿನ ಮಿತ್ರ ಹಿಂದೂ, ಶತ್ರು ಕಡಲ ದಾಳಿಕೋರ. ‘ಅನ್ಯಮತೀಯರ ಮೇಲೆ ಸಾರುವ ಯುದ್ಧ’ ಎಂಬ ಸಾಲು ಈ ಒಂದು ಗ್ರಂಥದ ಎದುರೇ ನಿಲ್ಲುವುದಿಲ್ಲ.

ಪದ ಇಂದಿಗೂ ಬೇರೆ ಕಡೆ ಜೀವಂತವಾಗಿದೆ. ಇರಾನಿನಲ್ಲಿ 1979ರಲ್ಲಿ ಹಳ್ಳಿಗಳಿಗೆ ರಸ್ತೆ, ವಿದ್ಯುತ್ತು, ನೀರು ಒದಗಿಸಲು ಹುಟ್ಟಿದ ಸಂಸ್ಥೆಯ ಹೆಸರು ‘ನಿರ್ಮಾಣ ಜಿಹಾದ್’. ಅಲ್ಲಿನ ಕೃಷಿ ಸಚಿವಾಲಯದ ಹೆಸರಿನಲ್ಲಿ ಈಗಲೂ ಜಿಹಾದ್ ಪದ ಇದೆ. ಅರಬ್ ನಾಡುಗಳಲ್ಲಿ ಜಿಹಾದ್ ಮಕ್ಕಳಿಗಿಡುವ ಹೆಸರು, ಕ್ರೈಸ್ತರೂ ಇಡುತ್ತಾರೆ: ಲೆಬನಾನಿನ ಹಣಕಾಸು ಸಚಿವರಾಗಿದ್ದ ಜಿಹಾದ್ ಅಝೂರ್ ಮಾರೋನೈಟ್ ಕ್ರೈಸ್ತರು.

ನೇರ_ಪ್ರಶ್ನೆ

9:4 ಮತ್ತು 9:6 ನಾನು ಓದಿರಲಿಲ್ಲ, ಒಪ್ಪುತ್ತೇನೆ. ಉಳಿದದ್ದು ಎರಡು. ಸತ್ತರೆ 72 ಕನ್ಯೆಯರು ಎಂಬುದು, ಮತ್ತೆ ‘ಲವ್ ಜಿಹಾದ್’.

ಹದೀಸ್_ಸನದು

72 ಎಂಬ ಸಂಖ್ಯೆ ಕುರ್‌ಆನಿನಲ್ಲಿಲ್ಲ. ಹುತಾತ್ಮನಿಗೆ ಸಿಗುವ ಫಲಗಳ ಒಂದು ಹದೀಸ್ ತಿರ್ಮಿದಿಯಲ್ಲಿದೆ, ಸಂಖ್ಯೆ ಅಲ್ಲಿಂದ ಬಂತು. ಆದರೆ ಯಾರು ಶಹೀದ್, ಅಂದರೆ ಹುತಾತ್ಮ, ಎಂಬುದನ್ನು ಜನ ಕೇಳುವುದೇ ಇಲ್ಲ. ಮುವತ್ತ, ಅಬೂದಾವೂದ್‌ಗಳಲ್ಲಿ ಯುದ್ಧದಲ್ಲಿ ಸತ್ತವನ ಹೊರತಾಗಿ ಏಳು ಬಗೆಯ ಶಹೀದರನ್ನು ಎಣಿಸಿದೆ: ಪ್ಲೇಗಿನಲ್ಲಿ, ನೀರಿನಲ್ಲಿ ಮುಳುಗಿ, ಪಕ್ಕೆಯ ರೋಗದಲ್ಲಿ, ಹೊಟ್ಟೆಯ ಬೇನೆಯಲ್ಲಿ, ಬೆಂಕಿಯಲ್ಲಿ, ಕಟ್ಟಡ ಕುಸಿದು ಸತ್ತವರು, ಮತ್ತು ಬಸುರಿ ಬಾಣಂತಿತನದಲ್ಲಿ ತೀರಿಕೊಂಡ ಹೆಂಗಸು.

ಇನ್ನೊಂದು ಕಡೆ, ಬುಖಾರಿಯಲ್ಲಿ ಎಲ್ಲರೂ ಮೆಚ್ಚುವಂತೆ ಕಾದಿದ ಒಬ್ಬನ ಪ್ರಸಂಗ ಇದೆ. ಗಾಯದ ನೋವು ತಡೆಯಲಾರದೆ ತನ್ನ ಆಯುಧದಿಂದಲೇ ಸತ್ತ. ಪ್ರವಾದಿ (ಸ) ಅವನನ್ನು ನರಕದವನು ಎಂದರು. ಯುದ್ಧಭೂಮಿಯಲ್ಲಿ, ಪ್ರವಾದಿಯ ಪಡೆಯಲ್ಲೇ ಇದ್ದವನಿಗೆ ಈ ತೀರ್ಪು. ಆತ್ಮಹತ್ಯಾ ದಾಳಿಗೆ ಅಲ್ಲಿಂದ ಎಲ್ಲಿ ಅವಕಾಶ? ಮುಸ್ಲಿಮ್ ಸಂಗ್ರಹದಲ್ಲಿ ಇನ್ನೊಂದು: ತೀರ್ಪಿನ ದಿನ ಮೊದಲು ನರಕಕ್ಕೆ ಎಳೆಯಲ್ಪಡುವವರಲ್ಲಿ ‘ಶೂರ ಎನ್ನಿಸಿಕೊಳ್ಳಲು’ ಕಾದಿ ಸತ್ತವನೂ ಒಬ್ಬ.

ಕಿತಾಬು_ಕರಾವಳಿ

‘ಲವ್ ಜಿಹಾದ್’ ಫಿಕ್ಹ್‌ನ ಯಾವ ಕಿತಾಬಿನಲ್ಲೂ ಇಲ್ಲದ ಜೋಡಿಪದ, ಈಚಿನ ರಾಜಕೀಯ ಭಾಷೆಯಲ್ಲಿ ಹುಟ್ಟಿದ್ದು. ಶಾಸ್ತ್ರದಲ್ಲಿ ಅದಕ್ಕೆ ಜಾಗವೂ ಇಲ್ಲ: 2:221 ಬಹುದೇವಾರಾಧಕರೊಡನೆ ಮದುವೆಯನ್ನೇ ನಿಷೇಧಿಸುತ್ತದೆ, 2:256 ಮತಾಂತರದ ಬಲಾತ್ಕಾರವನ್ನು ನಿಷೇಧಿಸುತ್ತದೆ. ಮೋಸದಿಂದ ಮದುವೆಯಾಗುವುದು ಅಪರಾಧ, ಯಾವ ಧರ್ಮದವನೇ ಮಾಡಲಿ. 2020ರ ಫೆಬ್ರವರಿ 4ರಂದು ಕೇಂದ್ರ ಗೃಹ ಇಲಾಖೆಯ ರಾಜ್ಯಸಚಿವರು ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಈ ಪದಕ್ಕೆ ಆಗಿನ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ, ಕೇಂದ್ರ ಸಂಸ್ಥೆಗಳು ಅಂಥ ಪ್ರಕರಣ ವರದಿ ಮಾಡಿಲ್ಲ ಎಂದಿದ್ದರು. ಪದಕೋಶದಲ್ಲಿ ಬೇಕಿದ್ದರೆ ಪ್ರತ್ಯೇಕ ನಮೂದು ಮಾಡಿ, ‘ರಾಜಕೀಯ ಪ್ರಯೋಗ’ ಎಂದು ಗುರುತು ಹಾಕಿ.

ನಮ್ಮ ಉಲಮಾಗಳು, ಅಂದರೆ ಧರ್ಮಪಂಡಿತರು, ಭಯೋತ್ಪಾದನೆಯ ವಿರುದ್ಧ ಬಾಯಿ ಬಿಡಲಿಲ್ಲ ಎಂಬ ಮಾತೂ ಕೇಳಿಬರುತ್ತದೆ. 2008ರ ಫೆಬ್ರವರಿ 25ರಂದು ದೇವಬಂದ್ ದಾರುಲ್ ಉಲೂಮ್ ಸಾವಿರಾರು ಉಲಮಾಗಳನ್ನು ಸೇರಿಸಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಸಾರಿತು. ಅದೇ ವರ್ಷ ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರಿಗೆ ತಮ್ಮ ಕಬರಸ್ತಾನದಲ್ಲಿ ಮಣ್ಣು ಕೊಡಲು ಮುಂಬೈ ಮುಸ್ಲಿಮರು ಒಪ್ಪಲಿಲ್ಲ. 2014ರಲ್ಲಿ ಐಸಿಸ್ ನಾಯಕ ಬಗ್ದಾದಿಗೆ 126 ಪಂಡಿತರು ಬಹಿರಂಗ ಪತ್ರ ಬರೆದು, 24 ಅಂಶಗಳಲ್ಲಿ ಶಾಸ್ತ್ರದಿಂದಲೇ ಖಂಡಿಸಿದರು.

ವಿಜಯಪುರ_ಚರಿತ್ರೆ

‘ಧರ್ಮಯುದ್ಧ’ ಎಂಬ ಕನ್ನಡ ಪದದ ಬಗ್ಗೆಯೂ ಯೋಚಿಸಿ. ನಮ್ಮ ಕಾವ್ಯಗಳಲ್ಲಿ ಧರ್ಮಯುದ್ಧ ಅಂದರೆ ಮತಕ್ಕಾಗಿ ಮಾಡುವ ಯುದ್ಧವಲ್ಲ, ನೇಮ ಮೀರದ ಯುದ್ಧ. ಆಯುಧ ಕೆಳಗಿಟ್ಟವನನ್ನು ಹೊಡೆಯಬಾರದು, ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಾರದು. ಭೀಮ ತೊಡೆ ಮುರಿದದ್ದಕ್ಕೆ ಬಲರಾಮ ಸಿಡಿದೆದ್ದದ್ದು ಅದಕ್ಕೇ. ಆ ಹಳೆಯ ಅರ್ಥದಲ್ಲಾದರೆ ಫಿಕ್ಹ್‌ನ ಕಿತಾಲಿಗೆ ಈ ಪದ ಹತ್ತಿರವೇ ಇದೆ. ಆದರೆ ಇವತ್ತಿನ ಓದುಗ ಅದನ್ನು ‘ಮತಯುದ್ಧ’ ಎಂದೇ ಓದುತ್ತಾನೆ. ಹಾಗಾಗಿ ಬಿಡುವುದು ಒಳ್ಳೆಯದು.

ಪದಕೋಶದ_ಪುಟ

ಎಲ್ಲರಿಗೂ ಕೃತಜ್ಞತೆ. ಹೊಸ ಕರಡು ಹೀಗಿದೆ, ತಿದ್ದಿ:

‘ಜಿಹಾದ್ (ನಾ.) [ಅರಬಿ ಜ-ಹ-ದ, ಶ್ರಮಿಸು] 1. ಎದುರಾದ ಒತ್ತಡಕ್ಕೆ ಮಣಿಯದೆ ಅಲ್ಲಾಹನ ಮಾರ್ಗದಲ್ಲಿ ಮಾಡುವ ಪ್ರಯತ್ನ. ಮನಸ್ಸು, ಮಾತು, ಸಂಪತ್ತು, ದೇಹಗಳಿಂದ ಆಗಬಹುದು. 2. ಫಿಕ್ಹ್‌ನಲ್ಲಿ, ಆಳುವ ಅಧಿಕಾರದ ಅಡಿಯಲ್ಲಿ, ನಿರ್ದಿಷ್ಟ ನಿಯಮಗಳಿಗೆ ಒಳಪಟ್ಟು ನಡೆಯುವ ಯುದ್ಧ. ನೋಡಿ: ಕಿತಾಲ್, ಹಿರಾಬ, ಇಜ್ತಿಹಾದ್. 3. ಉಗ್ರ ಸಂಘಟನೆಗಳು ತಮ್ಮ ಹಿಂಸೆಗೆ ಬಳಸುವ ಹೆಸರು. ಮುಖ್ಯವಾಹಿನಿಯ ಪಂಡಿತರು ಒಪ್ಪದ ಪ್ರಯೋಗ.’

ಅರಬಿ_ಧಾತು

ಚೆನ್ನಾಗಿದೆ. ಎರಡೇ ತಿದ್ದುಪಡಿ. ಒಂದನೇ ಅರ್ಥದಿಂದ ‘ಅಲ್ಲಾಹನ ಮಾರ್ಗದಲ್ಲಿ’ ಎಂಬುದನ್ನು ತೆಗೆದು ‘ಸಾಮಾನ್ಯವಾಗಿ ಅಲ್ಲಾಹನ ಮಾರ್ಗದಲ್ಲಿ’ ಎಂದು ಮಾಡಿ, ಇಲ್ಲವಾದರೆ 31:15ರ ತಂದೆತಾಯಿ ಹೊರಗುಳಿಯುತ್ತಾರೆ. ಕಾಗುಣಿತ ‘ಜಿಹಾದ್’ ಎಂದೇ ಇರಲಿ. ಪತ್ರಿಕೆಗಳ ‘ಜೆಹಾದ್’ ಉರ್ದು ಉಚ್ಚಾರದಿಂದ ಬಂದದ್ದು, ಅದನ್ನು ಅಡ್ಡ ಉಲ್ಲೇಖವಾಗಿ ಕೊಟ್ಟರೆ ಹುಡುಕುವವರಿಗೆ ಸಿಗುತ್ತದೆ.

ಕಿತಾಬು_ಕರಾವಳಿ

‘ಮುಜಾಹಿದ್’ಗೆ ಬೇರೆ ನಮೂದು ಮಾಡಿ, ತಿರ್ಮಿದಿಯ ಆ ಹದೀಸನ್ನು ಅಲ್ಲಿ ಹಾಕಿ. ‘ಜಿಹಾದಿ’ ಎಂಬುದು ಈಚಿನ ಪತ್ರಿಕಾಪದ, ಅದು ಮುಜಾಹಿದ್‌ಗೆ ಪರ್ಯಾಯ ಎಂದು ಎಲ್ಲೂ ಬರೆಯಬೇಡಿ.